ಅಕ್ಕನ ಕೈಗುಣ

‘ಗುರುಗಳೇ, ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆ ಉಂಟೇ?’

ಶಿಷ್ಯ ಹೀಗೆ ಕೇಳಿದ. ಅವನು ಎಳೆಯ ವಯಸ್ಸಿನವನಲ್ಲ. ಸಂಸಾರ ಮಾಡಿ, ಅದರ ಸಿಹಿ ಕಹಿ ಉಂಡು, ನಲವತ್ತು ದಾಟಿದ ಮೇಲೆ ಮಠಕ್ಕೆ ಬಂದವನು.

‘ತಿಳಿದು ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಹೇಳುತ್ತಾರೆ. ತಿಳಿಯದೆ ಮಾಡಿದ್ದು ತಪ್ಪೇ ಅಲ್ಲ ಎನ್ನುವವರೂ ಇದ್ದಾರೆ. ಹಾಗೆಂದುಕೊಂಡರೆ ಮನಸ್ಸು ಹಗುರವಾಗುತ್ತದೆ’ ಎಂದ.

‘ಯಾರ ಮನಸ್ಸು?’ ಎಂದರು ಗುರುಗಳು.

ಆಮೇಲೆ ಈ ಕತೆಯನ್ನು ಹೇಳಿದರು.

ನಾಲೆಯ ಕೊನೆಯಲ್ಲಿ ಒಂದು ಊರು. ಆ ಊರಿನಲ್ಲಿ ಒಬ್ಬ ರೈತನಿದ್ದ. ಅವನ ಹೆಸರು ನಿನಗೆ ಬೇಡ. ಅವನಿಗೊಬ್ಬಳು ಅಕ್ಕ. ಅವಳ ಹೆಸರು ದೊಡ್ಡತಾಯಮ್ಮ. ಅವಳ ಹೆಸರನ್ನು ಮಾತ್ರ ಹೇಳುತ್ತೇನೆ. ಏಕೆಂದರೆ ಈಗ ಅದನ್ನು ಹೇಳುವವರು ಹೆಚ್ಚು ಜನ ಇಲ್ಲ.

ದೊಡ್ಡತಾಯಮ್ಮ ತಮ್ಮನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಬೇಗ ತೀರಿಕೊಂಡಳು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಅವನಿಗೆ ಏಳು ವರ್ಷವಾದಾಗ ಅವಳ ಮದುವೆಯಾಯಿತು. ಮದುವೆಯಾದ ಮೂರನೆಯ ವರ್ಷ ಗಂಡ ಸತ್ತ. ಮಕ್ಕಳಿರಲಿಲ್ಲ. ಅವಳು ತವರಿಗೆ ಮರಳಿದಳು.

ತಂದೆ ನ್ಯಾಯವಂತ. ಸಾಯುವ ಮೊದಲು ಗದ್ದೆಯನ್ನು ಎರಡು ಮಾಡಿದ. ಮೇಲಿನ ದೊಡ್ಡ ಭಾಗ ಮಗನಿಗೆ. ಕೆಳಗಿನ ಚಿಕ್ಕ ಭಾಗ ಮಗಳಿಗೆ. ನಡುವೆ ಒಂದು ಬದು. ಬದುವಿನಲ್ಲಿ ಒಂದು ಕಂಡಿ. ನಾಲೆಯ ನೀರು ಮೊದಲು ತಮ್ಮನ ಗದ್ದೆಗೆ ಬರುತ್ತಿತ್ತು. ಅಲ್ಲಿ ತುಂಬಿ ಹೆಚ್ಚಾದದ್ದು ಆ ಕಂಡಿಯಿಂದ ಅಕ್ಕನ ಗದ್ದೆಗೆ ಇಳಿಯುತ್ತಿತ್ತು. ಅವಳ ಗದ್ದೆಗೆ ಬೇರೆ ನೀರಿಲ್ಲ. ಬೇರೆ ನೀರು ಬೇಕೆಂದು ಯಾರಿಗೂ ಅನಿಸಿರಲಿಲ್ಲ. ಒಂದೇ ತಾಯಿಯ ಮಕ್ಕಳಿಗೆ ಒಂದೇ ನೀರು ಸಾಕು.

ಆ ಊರಿನಲ್ಲೂ ಗಂಡ ಸತ್ತವಳನ್ನು ಶುಭ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಮದುವೆ ಮನೆಯಲ್ಲಿ ಅವಳು ಅಡುಗೆಯವರ ಜೊತೆ ಹಿಂದೆ ಇರಬೇಕು. ದೊಡ್ಡತಾಯಮ್ಮನೂ ಹಿಂದೆಯೇ ಇರುತ್ತಿದ್ದಳು. ಆದರೆ ಒಂದು ವರ್ಷ ಊರಿನ ಹಿರಿಯನೊಬ್ಬನ ಗದ್ದೆಯಲ್ಲಿ ನೆಟ್ಟ ಪೈರು ಕೊಳೆತುಹೋಯಿತು. ಮತ್ತೆ ನೆಟ್ಟ. ಮತ್ತೆ ಕೊಳೆಯಿತು. ಮೂರನೆಯ ಸಲ ಅವನಿಗೆ ಬೇಸರ ಬಂದಿತ್ತು. ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ದೊಡ್ಡತಾಯಮ್ಮನನ್ನು ಕಂಡು, ‘ಬಾರವ್ವ, ನೀನಾದರೂ ನಾಲ್ಕು ಪೈರು ಊರು, ನೋಡೋಣ’ ಎಂದ. ಅವಳು ಹೆದರಿಕೊಂಡೇ ಊರಿದಳು. ಆ ವರ್ಷ ಅವನ ಕಣದಲ್ಲಿ ಭತ್ತ ಹಿಡಿಸಲಿಲ್ಲ.

ಅಂದಿನಿಂದ ಊರು ಅವಳ ಕೈಗುಣವನ್ನು ನಂಬಿತು. ನಾಟಿಯ ದಿನ ಬಂತೆಂದರೆ ಮನೆ ಮನೆಯವರು ಬಂದು ಕರೆಯುತ್ತಿದ್ದರು. ಅವಳು ತಲೆಗೆ ನೀರು ಹಾಕಿಕೊಂಡು ಹೋಗಿ, ಗದ್ದೆಯ ಮೂಡಲ ಮೂಲೆಯಲ್ಲಿ ಮೊದಲ ಪೈರು ಊರುತ್ತಿದ್ದಳು. ಆಮೇಲೆ ಉಳಿದ ಹೆಂಗಸರು ಸಾಲು ಹಿಡಿಯುತ್ತಿದ್ದರು. ಮದುವೆಗೆ ಕರೆಯದ ಊರು ಮಣ್ಣಿಗೆ ಕರೆಯಿತು. ಅವಳಿಗೆ ಅಷ್ಟು ಸಾಕಾಗಿತ್ತು. ವರ್ಷದಲ್ಲಿ ಆ ಹದಿನೈದು ದಿನ ಅವಳು ತಲೆಯೆತ್ತಿ ಬೀದಿಯಲ್ಲಿ ನಡೆಯುತ್ತಿದ್ದಳು.

ಅವಳ ಸ್ವಂತ ಗದ್ದೆಯೂ ಚೆನ್ನಾಗಿತ್ತು. ಹೊಂಗೆಸೊಪ್ಪು ತುಳಿಯುತ್ತಿದ್ದಳು. ಕೊಟ್ಟಿಗೆಯ ಗೊಬ್ಬರ ಹಾಕುತ್ತಿದ್ದಳು. ನಾಟಿಯಾದ ಹತ್ತು ಹನ್ನೆರಡು ದಿನಕ್ಕೆ ನಿಂತ ನೀರಿನ ಮೇಲೆ ಹಸಿರು ಹಾವಸೆ ಕಟ್ಟುತ್ತಿತ್ತು. ಅದನ್ನು ಯಾರಾದರೂ ಗಲೀಜು ಎಂದರೆ ಅವಳಿಗೆ ಕೋಪ ಬರುತ್ತಿತ್ತು. ‘ಅದು ಗದ್ದೆಯ ಕೆನೆ’ ಎನ್ನುತ್ತಿದ್ದಳು. ಏಕೆ ಹಾಗೆನ್ನುತ್ತೀಯೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಅಜ್ಜಿ ಹಾಗೆನ್ನುತ್ತಿದ್ದಳು, ಅವಳೂ ಹಾಗೆನ್ನುತ್ತಿದ್ದಳು.

ಹೀಗೆ ಬಹಳ ವರ್ಷ ನಡೆಯಿತು. ತಮ್ಮ ಮದುವೆಯಾದ. ಮಕ್ಕಳಾದವು. ಅಕ್ಕ ಅವನ ಪಕ್ಕದ ಮನೆಯಲ್ಲೇ ಇದ್ದಳು.

ಒಂದು ವರ್ಷ ಜಿಗಿಹುಳ ಬಂತು. ಪೈರಿನ ಬುಡದಲ್ಲಿ ಕೂತು ರಸ ಹೀರುವ ಹುಳ. ಸೋಮವಾರ ಹಸಿರಾಗಿದ್ದ ತಮ್ಮನ ಗದ್ದೆ ಶುಕ್ರವಾರದ ಹೊತ್ತಿಗೆ ಬೆಂಕಿ ಬಿದ್ದಂತೆ ಸುತ್ತು ಸುತ್ತಾಗಿ ಒಣಗಿತು. ಅವನು ಗದ್ದೆಯ ನಡುವೆ ನಿಂತು ಎರಡು ಕೈಯನ್ನೂ ತಲೆಯ ಮೇಲೆ ಹೊತ್ತುಕೊಂಡ. ಕೆಳಗಿನ ಗದ್ದೆಗೂ ಹುಳ ಹೋಯಿತು. ಆದರೆ ಅಲ್ಲಿ ಅಷ್ಟಾಗಿ ನಿಲ್ಲಲಿಲ್ಲ. ಆ ವರ್ಷ ತಮ್ಮನ ಮನೆಯವರೆಲ್ಲ ಅಕ್ಕನ ಗದ್ದೆಯ ಅಕ್ಕಿಯನ್ನು ಉಂಡರು. ಅವಳು ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ.

ಅವನಿಗೆ ಮಾತ್ರ ಪ್ರತಿ ತುತ್ತಿಗೂ ನಾಚಿಕೆಯಾಗುತ್ತಿತ್ತು. ಅನ್ನ ಕೊಟ್ಟವಳು ಅಕ್ಕ ಎಂಬುದಕ್ಕಲ್ಲ. ಮಕ್ಕಳಿಗೆ ಉಣಿಸಲು ತನ್ನ ಕೈಯಲ್ಲಿ ಆಗಲಿಲ್ಲ ಎಂಬುದಕ್ಕೆ. ಭಯ ಹಾಗೆ ಅವನ ಮನೆಯೊಳಗೆ ಬಂತು. ಬಂದದ್ದು ಹೋಗಲಿಲ್ಲ.

ಮರುವರ್ಷ ಅವನು ಪೇಟೆಗೆ ಹೋದ. ಅಲ್ಲಿ ಬೆಳೆಗೆ ಹೊಡೆಯುವ ಔಷಧಿ ಮಾರುವ ಒಬ್ಬ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ತಾನು ಮಾರುವುದನ್ನು ತಾನೂ ನಂಬಿದ್ದವನು.

‘ಹುಳ ಬಂದ ಮೇಲೆ ಹೊಡೆಯುವವನು ಕಳೆದುಕೊಳ್ಳುತ್ತಾನೆ. ಬರುವ ಮೊದಲೇ ಹೊಡೆಯುವವನು ಉಳಿಸಿಕೊಳ್ಳುತ್ತಾನೆ’ ಎಂದ ವ್ಯಾಪಾರಿ.

ಭಯಪಟ್ಟವನಿಗೆ ಈ ಮಾತು ಮಂತ್ರದಂತೆ ಕೇಳಿಸಿತು.

ಆ ವರ್ಷ ನಾಟಿಯಾದ ಮೂರನೆಯ ದಿನ ಕಳೆ ಬರದಂತೆ ಔಷಧಿ ಹಾಕಿದ. ಇಪ್ಪತ್ತನೆಯ ದಿನ ಹುಳಕ್ಕೆಂದು ಹರಳು ಔಷಧಿ ಎರಚಿದ. ತಿಂಗಳಿಗೆ ಒಂದು ಸಲ ಹೊಡೆದ. ಮೋಡ ಕವಿದರೆ ಹೊಡೆದ. ಪಕ್ಕದ ಊರಿನಲ್ಲಿ ಹುಳ ಕಂಡಿತು ಎಂದು ಯಾರೋ ಹೇಳಿದರೆ ಹೊಡೆದ. ಯಾರೂ ಏನೂ ಹೇಳದಿದ್ದರೆ ಅನುಮಾನಪಟ್ಟು ಹೊಡೆದ. ಕಳೆ ಏಳಲಿಲ್ಲ. ಹುಳ ಕೂರಲಿಲ್ಲ. ಗದ್ದೆಯ ನೀರು ತಿಳಿಯಾಯಿತು. ತಳದ ಕೆಸರಿನ ಮೇಲೆ ತನ್ನ ಹೆಜ್ಜೆಗುರುತು ಕಾಣುವಷ್ಟು ತಿಳಿಯಾಯಿತು.

ಅವನು ಅಕ್ಕನನ್ನು ಕರೆದು ತೋರಿಸಿದ.

‘ನೋಡಕ್ಕ, ಹೆಂಗಿದೆ ನೀರು. ಕುಡೀಬಹುದು ಅನ್ನೋ ಹಂಗಿದೆ.’

ಅವಳು ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

‘ಕೆನೆ ಎಲ್ಲೋ?’

‘ಕೊಳೆ ಹೋಯ್ತು ಅನ್ನು’ ಎಂದು ಅವನು ನಕ್ಕ.

ಅವಳೂ ನಕ್ಕಳು. ತಮ್ಮನ ಮುಖದಲ್ಲಿ ಒಂದು ವರ್ಷದಿಂದ ನಗು ಕಂಡಿರಲಿಲ್ಲ. ಅವಳಿಗೆ ನೀರಿಗಿಂತ ಅದು ಮುಖ್ಯವಾಗಿತ್ತು.

ತನ್ನ ಗದ್ದೆಗೂ ಹೊಡೆಸು ಎಂದು ಅವಳು ಕೇಳಲಿಲ್ಲ. ಅವನೇ ಹೊಡೆಯಲು ಬಂದಾಗ ಬೇಡವೆಂದಳು. ‘ಆ ವಾಸನೆ ನನಗೆ ಆಗಲ್ಲ ಕಣೋ’ ಎಂದಳು. ಅವನು ಒತ್ತಾಯ ಮಾಡಲಿಲ್ಲ. ಕಂಡಿಯಲ್ಲಿ ನೀರು ಇಳಿಯುತ್ತಲೇ ಇತ್ತು.

ಮೊದಲ ವರ್ಷ ಏನೂ ಕಾಣಲಿಲ್ಲ. ಎರಡನೆಯ ವರ್ಷ ಅವಳ ಪೈರಿನ ಎಲೆ ತಿಳಿಹಸಿರಾಯಿತು. ಮೂರನೆಯ ವರ್ಷ ಹಳದಿಯಾಯಿತು. ಅವಳು ಸೊಪ್ಪು ಹೆಚ್ಚು ತುಳಿದಳು. ಗೊಬ್ಬರ ಹೆಚ್ಚು ಹೊತ್ತಳು. ಬೆನ್ನು ಬಾಗಿತು, ಪೈರು ಏಳಲಿಲ್ಲ. ತಮ್ಮನಿಗೆ ನೋಡಲಾಗಲಿಲ್ಲ. ಅರ್ಧ ಮೂಟೆ ಯೂರಿಯಾ ತಂದು ತಾನೇ ಎರಚಿದ. ಪೈರು ಹದಿನೈದು ದಿನ ಹಸಿರಾಗಿ ಮತ್ತೆ ಬಿಳುಚಿತು. ಹಸಿದವನಿಗೆ ಯಾರೋ ಒಂದು ದಿನ ಊಟ ಹಾಕಿಸಿ ಹೋದಂತೆ.

ಅವನ ಗದ್ದೆಯೂ ಒಳಗೆ ಹಸಿದಿತ್ತು. ಆದರೆ ಅವನು ಮೂಟೆಗಟ್ಟಲೆ ಯೂರಿಯಾ ಹಾಕುತ್ತಿದ್ದ. ಎಲೆ ಕಡುಹಸಿರಾಗುತ್ತಿತ್ತು. ಕಡುಹಸಿರಿಗೆ ಹುಳ ಓಡಿ ಬರುತ್ತಿತ್ತು. ಹುಳಕ್ಕೆ ಮತ್ತೆ ಔಷಧಿ. ಔಷಧಿಯ ಮೇಲೆ ಮತ್ತೆ ಯೂರಿಯಾ. ದೂರದಿಂದ ನೋಡಿದವರಿಗೆ ಮೇಲಿನ ಗದ್ದೆ ಹಸಿರು, ಕೆಳಗಿನ ಗದ್ದೆ ಹಳದಿ. ಇಷ್ಟೇ ಕಾಣುತ್ತಿತ್ತು.

ಊರು ನೋಡಿತು. ಊರು ಯೋಚಿಸಿತು. ತಮ್ಮನ ಗದ್ದೆಗೂ ಅದೇ ನೀರು, ಅಕ್ಕನ ಗದ್ದೆಗೂ ಅದೇ ನೀರು. ತಮ್ಮನದು ಬೆಳೆಯುತ್ತದೆ, ಅಕ್ಕನದು ಬೆಳೆಯುವುದಿಲ್ಲ. ಮಣ್ಣು ಒಂದೇ, ನೀರು ಒಂದೇ. ಹಾಗಾದರೆ ಬೇರೆ ಇರುವುದು ಏನು? ಕೈ.

ಮೊದಲು ಇದನ್ನು ಯಾರು ಹೇಳಿದರೋ ಗೊತ್ತಿಲ್ಲ. ಇಂಥ ಮಾತಿಗೆ ತಂದೆ ತಾಯಿ ಇರುವುದಿಲ್ಲ. ಆ ವರ್ಷ ನಾಟಿಗೆ ಒಂದು ಮನೆಯವರು ಹೇಳಿ ಕಳಿಸಿದರು: ‘ಈ ಸಲ ಸೊಸೆ ಕೈಯಲ್ಲಿ ಊರಿಸ್ತೀವಿ, ಅವಳಿಗೂ ಆಸೆ.’ ಇನ್ನೊಂದು ಮನೆಯವರು ಹೇಳಿ ಕಳಿಸಲೂ ಇಲ್ಲ. ಮೂರನೆಯ ಮನೆಯ ಮುದುಕ, ಹಿಂದೆ ಮೊದಲು ಕರೆದವನು, ಸತ್ತುಹೋಗಿದ್ದ. ಅವನ ಮಗ ಬೀದಿಯಲ್ಲಿ ಎದುರಾದಾಗ ಪಕ್ಕದ ಸಂದಿಗೆ ತಿರುಗಿಕೊಂಡ. ಗಂಡ ಸತ್ತವಳಲ್ಲವೇ ಎಂಬ ಮಾತು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟುಕೊಂಡಿತ್ತೋ, ಮತ್ತೆ ಹೊರಗೆ ಬಂತು.

ದೊಡ್ಡತಾಯಮ್ಮ ತಮ್ಮನ ಬಳಿ ಏನೂ ಹೇಳಿಕೊಳ್ಳಲಿಲ್ಲ. ಅವನ ಗದ್ದೆಯ ನಾಟಿ ಇನ್ನೂ ಬಾಕಿ ಇತ್ತು. ಊರು ಏನೇ ಅನ್ನಲಿ, ಅದೊಂದು ಇದೆ ಎಂದುಕೊಂಡಿದ್ದಳು.

ಮುಂದಿನದನ್ನು ಗಮನವಿಟ್ಟು ಕೇಳು.

ಆ ರೈತ ಅಕ್ಕನನ್ನು ಪ್ರೀತಿಸುತ್ತಿದ್ದ. ಅದರಲ್ಲಿ ಸುಳ್ಳಿಲ್ಲ. ಆದರೆ ಭಯ ಪ್ರೀತಿಗಿಂತ ಮೊದಲು ಏಳುತ್ತದೆ. ನಾಟಿಯ ದಿನ ಅವನು ಹೆಂಡತಿಯನ್ನು ಕರೆದುಕೊಂಡು ಎಲ್ಲರಿಗಿಂತ ಮುಂಚೆ ಗದ್ದೆಗೆ ಹೋದ. ಅವಳ ಕೈಯಲ್ಲಿ ಮೊದಲ ಪೈರು ಊರಿಸಿದ. ಹೆಂಗಸರು ಬಂದು ಸಾಲು ಹಿಡಿದರು. ನಾಲ್ಕು ಸಾಲು ಮುಗಿಯುವ ಹೊತ್ತಿಗೆ ದೊಡ್ಡತಾಯಮ್ಮ ಬಂದಳು. ತಲೆಗೆ ನೀರು ಹಾಕಿಕೊಂಡಿದ್ದಳು. ಮಡಿಯಾಗಿ ಒಗೆದ ಸೀರೆ ಉಟ್ಟಿದ್ದಳು. ಬದುವಿನ ಮೇಲೆ ನಿಂತಳು. ನೆಟ್ಟ ಸಾಲುಗಳನ್ನು ನೋಡಿದಳು. ಹೆಂಗಸರು ಬಗ್ಗಿದ ತಲೆಯನ್ನು ಎತ್ತಲಿಲ್ಲ.

‘ಬಿಸಿಲೇರ್ತದೆ ಅಂತ ಶುರು ಮಾಡಿಬಿಟ್ವಿ ಅಕ್ಕ’ ಎಂದ ತಮ್ಮ.

ಆಕಾಶದಲ್ಲಿ ಮೋಡ ತುಂಬಿತ್ತು.

‘ಒಳ್ಳೇದಾಯ್ತು ಬಿಡಪ್ಪ’ ಎಂದಳು ಅಕ್ಕ.

ಅವಳು ಕಾಲುವೆಯ ಬಳಿ ಹೋಗಿ ಕೈ ತೊಳೆದಳು. ಕೈಯಲ್ಲಿ ಏನೂ ಇರಲಿಲ್ಲ. ಆದರೂ ತೊಳೆದಳು. ಸೆರಗಿನಲ್ಲಿ ಒರೆಸಿಕೊಂಡು ಮನೆಗೆ ಹೋದಳು.

ಮರುದಿನ ಅವಳು ತನ್ನ ಗದ್ದೆಯನ್ನು ನೀನೇ ನೋಡಿಕೋ ಎಂದು ತಮ್ಮನಿಗೆ ಹೇಳಿದಳು. ‘ಆ ಔಷಧಿ ಮಾತ್ರ ಹೊಡೀಬೇಡ’ ಎಂದಳು. ಅವನು ಆ ಮಾತನ್ನು ನಡೆಸಿಕೊಟ್ಟ. ಕೂಲಿಯವರಿಂದ ನಾಟಿ ಹಾಕಿಸಿದ. ಔಷಧಿ ಮುಟ್ಟಿಸಲಿಲ್ಲ. ಪೈರು ಹಾಗೆಯೇ ಬಿಳುಚಿಕೊಂಡು ನಿಂತಿತು. ಅಕ್ಕ ಬಿಟ್ಟ ಮೇಲೂ ಪೈರು ಏಕೆ ಏಳಲಿಲ್ಲ ಎಂದು ಅವನು ಕೇಳಿಕೊಳ್ಳಬಹುದಿತ್ತು. ಕೇಳಿಕೊಳ್ಳಲಿಲ್ಲ. ಊರೂ ಕೇಳಲಿಲ್ಲ. ಒಮ್ಮೆ ಉತ್ತರ ಸಿಕ್ಕಿದ ಮೇಲೆ ಜನ ಪ್ರಶ್ನೆಯನ್ನು ಮತ್ತೆ ಮುಟ್ಟುವುದಿಲ್ಲ.

ದೊಡ್ಡತಾಯಮ್ಮ ಮನೆಯಲ್ಲೇ ಉಳಿದಳು. ಅಕ್ಕಿ ಆರಿಸುತ್ತಿದ್ದಳು, ದನಕ್ಕೆ ನೀರು ತೋರಿಸುತ್ತಿದ್ದಳು. ಹಸಿರಾದದ್ದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಹಿತ್ತಲಿನ ದೊಡ್ಡಪತ್ರೆಗೂ ನೀರು ಹಾಕುತ್ತಿರಲಿಲ್ಲ. ಒಮ್ಮೆ ಪಕ್ಕದ ಮನೆಯ ಹೆಂಗಸು ಮೆಣಸಿನ ಸಸಿ ತಂದು, ‘ಸ್ವಲ್ಪ ಹಿಡ್ಕೊಳವ್ವ, ಗುಂಡಿ ತೋಡ್ತೀನಿ’ ಎಂದಳು. ದೊಡ್ಡತಾಯಮ್ಮ ಎರಡು ಕೈಯನ್ನೂ ಹಿಂದಕ್ಕೆ ಮಾಡಿಕೊಂಡಳು.

‘ಬೇಡ ಕಣವ್ವ. ನನ್ನ ಕೈ ಆಗಲ್ಲ.’

ಹೀಗೆ ಎರಡು ವರ್ಷ. ಬೇರೆಯವರು ಅನ್ನುವುದನ್ನು ನಿಲ್ಲಿಸಿದ್ದರು. ಅವಳೇ ಅಂದುಕೊಳ್ಳುವುದನ್ನು ನಿಲ್ಲಿಸಲಿಲ್ಲ. ಊಟ ಕಡಿಮೆಯಾಯಿತು. ಮಾತು ಅದಕ್ಕಿಂತ ಕಡಿಮೆಯಾಯಿತು. ಮೂರನೆಯ ವರ್ಷದ ಆಷಾಢದಲ್ಲಿ ಜ್ವರ ಬಂತು. ಊರೆಲ್ಲ ನಾಟಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವಳು ತಮ್ಮನನ್ನು ಹತ್ತಿರ ಕರೆದಳು.

‘ಏನು ಪಾಪ ಮಾಡಿದ್ದೆನೋ, ನನಗೆ ಗೊತ್ತಾಗಲಿಲ್ಲ ಕಣೋ. ನಿನ್ನ ಗದ್ದೆಗೆ ನನ್ನ ನೆರಳು ಬೀಳೋದು ಬೇಡ ಅಂತ ದೂರ ಇದ್ದೆ. ಬೇಜಾರು ಮಾಡ್ಕೋಬೇಡ.’

ಅವನು ಅವಳ ಕೈ ಹಿಡಿದುಕೊಂಡ. ಹಾಗೇನಿಲ್ಲ ಅಕ್ಕ ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಏಕೆಂದರೆ ಹಾಗೇ ಇದೆ ಎಂದು ಅವನೂ ನಂಬಿದ್ದ. ಮೂರನೆಯ ದಿನ ಅವಳು ತೀರಿಕೊಂಡಳು.

ಮುಂದಿನ ವರ್ಷ ಮಣ್ಣು ಪರೀಕ್ಷೆ ಮಾಡುವ ಒಬ್ಬಳು ಹೆಣ್ಣುಮಗಳು ಆ ಊರಿಗೆ ಬಂದಳು. ವ್ಯವಸಾಯದ ವಿದ್ಯೆ ಓದಿದವಳು. ಹತ್ತಾರು ಗದ್ದೆಗಳಿಂದ ಒಂದೊಂದು ಹಿಡಿ ಕೆಸರು, ಒಂದೊಂದು ಚೆಂಬು ನೀರು ತೆಗೆದುಕೊಂಡಳು. ಎಲ್ಲವನ್ನೂ ಗಾಜಿನ ಶೀಸೆಗಳಲ್ಲಿ ಹಾಕಿ, ಶಾಲೆಯ ಕಿಟಕಿಯಲ್ಲಿ ಬಿಸಿಲು ಬೀಳುವ ಕಡೆ ಸಾಲಾಗಿ ಇಟ್ಟಳು. ಇಪ್ಪತ್ತು ದಿನ ಬಿಟ್ಟು ಬಂದು ನೋಡಿ ಎಂದು ರೈತರಿಗೆ ಹೇಳಿದಳು.

ಇಪ್ಪತ್ತು ದಿನದ ಮೇಲೆ ರೈತರು ಬಂದರು. ದೇವಸ್ಥಾನದ ಗದ್ದೆಯ ಶೀಸೆ ಗಿಳಿಯ ರೆಕ್ಕೆಯಂತೆ ಹಸಿರಾಗಿತ್ತು. ಅಲ್ಲಿ ಪೂಜಾರಿ ಯಾವತ್ತೂ ಔಷಧಿ ಹೊಡೆದವನಲ್ಲ. ಕೆಲವು ಶೀಸೆಗಳಲ್ಲಿ ಅಲ್ಲಲ್ಲಿ ಹಸಿರು ಹಿಡಿದಿತ್ತು. ಈ ರೈತನ ಶೀಸೆ ತಿಳಿಯಾಗಿತ್ತು. ಕೆಳಗೆ ಕೆಸರು, ಮೇಲೆ ನೀರು. ಮತ್ತೇನೂ ಇಲ್ಲ.

‘ಈ ಹಾವಸೆಯಲ್ಲಿ ಒಂದು ಜಾತಿ ಇದೆ. ನೀಲಿ ಹಸಿರು ಪಾಚಿ ಅಂತೀವಿ’ ಎಂದಳು ಅವಳು. ‘ಕಣ್ಣಿಗೆ ಕಾಣದಷ್ಟು ಸಣ್ಣ ಜೀವ. ಕೋಟಿಗಟ್ಟಲೆ ಸೇರಿದಾಗ ಮಾತ್ರ ಹಸಿರಾಗಿ ಕಾಣುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಪೈರಿಗೆ ಉಣಿಸುವುದು ಇದರ ಕೆಲಸ. ಬೇರಿನ ಸುತ್ತ ಇದೇ ಕೆಲಸ ಮಾಡುವ ಬೇರೆ ಜೀವಿಗಳೂ ಇವೆ. ಎಲ್ಲ ಔಷಧಿಯೂ ಇವನ್ನು ಕೊಲ್ಲುವುದಿಲ್ಲ. ಆದರೆ ಕಳೆಗೆ ಹಾಕಿದ್ದು ಇದಕ್ಕೂ ತಾಗುತ್ತದೆ. ಇದೂ ಹಸಿರೇ ಅಲ್ಲವೇ? ಅದರ ಮೇಲೆ ಹರಳು, ಅದರ ಮೇಲೆ ಸಿಂಪಡಣೆ. ವರ್ಷ ವರ್ಷ ಬಿಡುವಿಲ್ಲದೆ ಬಿದ್ದರೆ ಉಳಿಯುವುದು ಕಷ್ಟ.’

ರೈತ ತನ್ನ ಶೀಸೆಯ ಪಕ್ಕದಲ್ಲಿದ್ದ ಶೀಸೆಯನ್ನು ನೋಡುತ್ತಿದ್ದ. ಅದೂ ತಿಳಿಯಾಗಿತ್ತು. ಅದು ಕೆಳಗಿನ ಗದ್ದೆಯದು.

‘ಇದಕ್ಕೆ ಒಂದು ಹನಿಯೂ ಹೊಡೆದಿಲ್ಲವಲ್ಲ ತಾಯಿ’ ಎಂದ.

‘ನೀರು ಎಲ್ಲಿಂದ ಬರುತ್ತದೆ?’

‘ನನ್ನ ಗದ್ದೆಯಿಂದ’ ಎಂದ.

ಅವಳು ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಆ ಗದ್ದೆ ಯಾರದು ಎಂದು ಅವಳಿಗೆ ಗೊತ್ತಿರಲಿಲ್ಲ. ಬರೆಯುತ್ತಲೇ, ‘ಹಾಗಾದರೆ ಆ ಗದ್ದೆ ಮಾಡುತ್ತಿದ್ದವರ ತಪ್ಪೇನಿಲ್ಲ ಬಿಡಿ’ ಎಂದಳು.

ರೈತ ಕಿಟಕಿಯ ಸರಳು ಹಿಡಿದುಕೊಂಡ. ಉಳಿದವರು ಶೀಸೆಗಳನ್ನು ಬಿಟ್ಟು ಅವನನ್ನು ನೋಡಿದರು. ಅವರಲ್ಲಿ ದೊಡ್ಡತಾಯಮ್ಮನಿಗೆ ಹೇಳಿ ಕಳಿಸಿದವರಿದ್ದರು. ಹೇಳಿ ಕಳಿಸದವರೂ ಇದ್ದರು. ಸಂದಿಗೆ ತಿರುಗಿಕೊಂಡವನೂ ಇದ್ದ. ಒಬ್ಬೊಬ್ಬರಾಗಿ ಹೊರಗೆ ಹೋದರು.

ಅವನು ಅಂದೇ ಊರಿನ ಪ್ರತಿ ಮನೆಗೂ ಹೋದ. ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ: ‘ನಮ್ಮಕ್ಕನ ಕೈಯಲ್ಲಿ ದೋಷ ಇರಲಿಲ್ಲ. ನನ್ನ ನೀರಿನಲ್ಲಿತ್ತು.’ ಕೆಲವರು ತಲೆ ತಗ್ಗಿಸಿದರು. ಕೆಲವರು, ಈಗ ಯಾಕಪ್ಪ ಅದೆಲ್ಲ, ಕೂತುಕೋ, ನೀರು ಕುಡಿ ಎಂದರು. ಒಬ್ಬ ನಕ್ಕ. ಕೊನೆಯ ಮನೆಯಲ್ಲಿ ಒಬ್ಬಳು ಮುದುಕಿ, ಅಕ್ಕನ ಓರಗೆಯವಳು, ಸರಿಯಾಗಿ ಕಿವಿ ಕೇಳದವಳು, ಅವನಿಂದ ಆ ಮಾತನ್ನು ಮೂರು ಸಲ ಹೇಳಿಸಿಕೊಂಡಳು.

‘ಅವಳಿಗೆ ಹೇಳಿದ್ಯಾ?’ ಎಂದು ಕೇಳಿದಳು.

ಅವಳ ಮನಸ್ಸಿನಲ್ಲಿ ದೊಡ್ಡತಾಯಮ್ಮ ಇನ್ನೂ ಬದುಕಿದ್ದಳೋ, ಅಥವಾ ಬೇಕೆಂದೇ ಹಾಗೆ ಕೇಳಿದಳೋ, ತಿಳಿಯದು. ಅವನು ಅಲ್ಲಿಯೇ ಜಗುಲಿಯ ಮೇಲೆ ಕುಸಿದು ಕೂತು ಅತ್ತ. ಚಿಕ್ಕಂದಿನಲ್ಲಿ ತಾಯಿ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ಆಗ ಎತ್ತಿಕೊಳ್ಳಲು ಅಕ್ಕ ಇದ್ದಳು.

ಅವನು ಔಷಧಿ ನಿಲ್ಲಿಸಿದ. ಹೆಂಡತಿ ನಿಲ್ಲಿಸಬೇಡವೆಂದಳು. ವ್ಯಾಪಾರಿ ಮನೆಯವರೆಗೂ ಬಂದು ಬುದ್ಧಿ ಹೇಳಿದ. ಮೊದಲ ವರ್ಷ ಅರ್ಧ ಬೆಳೆಯೂ ಬರಲಿಲ್ಲ. ಒಂದು ಮೂಲೆಯನ್ನು ಹುಳ ಸುಟ್ಟಿತು. ಹಳೆಯ ಭಯ ಬಾಗಿಲಿಗೆ ಬಂದು ನಿಂತಿತು. ಅವನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕಳೆಯನ್ನು ಕೈಯಿಂದ ಕಿತ್ತ. ದಿನವೂ ಪೈರಿನ ಬುಡ ಬಿಡಿಸಿ ನೋಡಿದ. ದೇವಸ್ಥಾನದ ಗದ್ದೆಯಿಂದ ಕೆಸರನ್ನು ಕುಕ್ಕೆಯಲ್ಲಿ ಹೊತ್ತು ತಂದು ಎರಡು ಗದ್ದೆಗೂ ಎರಚಿದ. ಆ ಹೆಣ್ಣುಮಗಳು ಒಣಗಿಸಿದ ಪಾಚಿಯನ್ನು ಕೊಟ್ಟಳು. ಅದನ್ನೂ ಎರಚಿದ. ಎರಡನೆಯ ವರ್ಷ ನೀರು ಸ್ವಲ್ಪ ಮಸುಕಾಯಿತು. ಮೂರನೆಯ ವರ್ಷ ನಾಟಿಯಾದ ಹನ್ನೊಂದನೆಯ ಬೆಳಿಗ್ಗೆ ಕೆಳಗಿನ ಗದ್ದೆಯ ನೀರಿನ ಮೇಲೆ, ಬದುವಿನಿಂದ ಬದುವಿಗೆ, ಹಸಿರು ಹಾವಸೆ ಕಟ್ಟಿತ್ತು.

ಅವನು ಓಡಿ ಬಂದ. ಬಗ್ಗಿ ಬೆರಳಿನಿಂದ ಮುಟ್ಟಿದ. ಊರಿನ ಕಡೆ ತಿರುಗಿ ‘ಅಕ್ಕ’ ಎಂದು ಕೂಗಲು ಬಾಯಿ ತೆರೆದ. ಪಕ್ಕದ ಗದ್ದೆಯಲ್ಲಿ ಬದು ಕಡಿಯುತ್ತಿದ್ದವನು ಅದನ್ನು ನೋಡಿದ. ನನಗೆ ಈ ಕತೆ ಹೇಳಿದವನು ಅವನೇ. ರೈತನ ಬಾಯಿ ತೆರೆದೇ ಇತ್ತಂತೆ, ದನಿ ಬರಲಿಲ್ಲವಂತೆ. ಬಹಳ ಹೊತ್ತಿನ ಮೇಲೆ ಅವನು ಗದ್ದೆಗೆ ಕಾಲಿಡದೆ, ಆ ಹಸಿರನ್ನು ಕದಡದೆ, ಬದುವಿನ ಮೇಲೆಯೇ ನಡೆದು ಮನೆಗೆ ಹೋದನಂತೆ.

ಆ ವರ್ಷ ಕೆಳಗಿನ ಗದ್ದೆಯ ಪೈರು ಬಿಳುಚಲಿಲ್ಲ. ತೆನೆ ಬಾಗಿತು. ಊರಿನವರು ಬಂದು ನೋಡಿದರು. ಕೆಲವರು ಅವನು ಮಾಡಿದಂತೆಯೇ ಮಾಡಲು ಶುರು ಮಾಡಿದರು.

ಗುರುಗಳು ನಿಲ್ಲಿಸಿದರು.

ಶಿಷ್ಯ ಕಣ್ಣೊರೆಸಿಕೊಂಡ.

‘ಕೊನೆಗೆ ಹಸಿರು ಬಂತಲ್ಲ, ಗುರುಗಳೇ. ಅಕ್ಕನ ಗದ್ದೆ ಅವನನ್ನು ಕ್ಷಮಿಸಿತು ಎಂದೇ ಅಲ್ಲವೇ ಅದರ ಅರ್ಥ?’ ಎಂದ.

ಗುರುಗಳು ಅವನನ್ನು ನೋಡಿ ಹೇಳಿದರು: ‘ಆ ಹಸಿರಾಗಿ ಬಂದವರು ಬೇರೆ ಗದ್ದೆಯವರಪ್ಪ; ಕ್ಷಮಿಸಬೇಕಾಗಿದ್ದವರು ಸತ್ತುಹೋಗಿದ್ದರು.’